ಈಸ್ ಬಂದರೆ ವಾಟ್ ಹಾಕಬಾರದು

ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮ ತಲೆಮಾರಿನವರಿಗೆಲ್ಲ ಇಂಗ್ಲಿಷ್ ವ್ಯಾಕರಣದ ಒಂದು ಮಂತ್ರ ಬಾಯಿಗೆ ಬರುತ್ತದೆ: ‘ವರ್ಬ್‌ಗೆ ವಾಟ್ ಹಾಕು, ಹೂಮ್ ಹಾಕು, ಬಂದ ಉತ್ತರವೇ ಆಬ್ಜೆಕ್ಟ್.’ ಇಂಗ್ಲಿಷ್ ಮೇಷ್ಟ್ರು ಇದನ್ನು ಕನ್ನಡ ಪಂಡಿತರಿಂದ ಕಡ ತಂದಿದ್ದಿರಬೇಕು. ಪಕ್ಕದ ಕೋಣೆಯಲ್ಲಿ ಪಂಡಿತರು ‘ಕ್ರಿಯಾಪದಕ್ಕೆ ಏನನ್ನು, ಯಾರನ್ನು ಎಂದು ಪ್ರಶ್ನೆ ಹಾಕಿ, ಕರ್ಮಪದ ಸಿಗುತ್ತದೆ’ ಎಂದು ಹೇಳಿಕೊಡುವುದು ಗೋಡೆಯಾಚೆಗೂ ಕೇಳುತ್ತಿತ್ತು. ಎರಡು ಭಾಷೆಗೂ ಒಂದೇ ಸೂತ್ರ. ಸೂತ್ರಕ್ಕೆ ತಕ್ಕ ಹಾಗೆ ಎರಡು ಕಡೆಯೂ ರಾಮನೇ ಇರುತ್ತಿದ್ದ. ವ್ಯಾಕರಣದ ಪುಸ್ತಕದಲ್ಲಿ ರಾಮನಿಗೆ ಇದ್ದದ್ದು ಎರಡೇ ಕೆಲಸ: ಮಾವಿನಹಣ್ಣು ತಿನ್ನುವುದು, ರಾವಣನನ್ನು ಕೊಲ್ಲುವುದು.

‘ರಾಮ ಈಟ್ಸ್ ಎ ಮ್ಯಾಂಗೋ. ಈಟ್ಸ್ ವಾಟ್?’

‘ಮ್ಯಾಂಗೋ ಸಾರ್!’ ಇಡೀ ಕ್ಲಾಸು ಒಂದೇ ಕಂಠ.

‘ರಾಮ ಕಿಲ್ಡ್ ರಾವಣ. ಕಿಲ್ಡ್ ಹೂಮ್?’

‘ರಾವಣ ಸಾರ್!’

ಹೀಗೆ ಸಾಗುತ್ತಿದ್ದ ಸಂಸಾರಕ್ಕೆ ಒಂದು ದಿನ ‘ರಾಮ ಈಸ್ ಎ ಕಿಂಗ್’ ಬಂದು ಸೇರಿಕೊಂಡಿತು. ಹಿಂದಿನ ಬೆಂಚಿನ ಹುಡುಗನೊಬ್ಬ, ಓದಿನಲ್ಲಿ ಅಷ್ಟಕ್ಕಷ್ಟೇ, ಎದ್ದು ನಿಂತ. ‘ಸಾರ್, ಈಸ್ ವಾಟ್? ಕಿಂಗ್. ಹಂಗಾದ್ರೆ ಕಿಂಗ್ ಆಬ್ಜೆಕ್ಟು.’

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ‘ಈಸ್ ಬಂದರೆ ವಾಟ್ ಹಾಕಬಾರದು ಕಣೋ.’

‘ಯಾಕೆ ಸಾರ್?’

‘ಹಾಕಬಾರದು ಅಂದ್ರೆ ಹಾಕಬಾರದು. ಕೂತ್ಕೋ.’

ಅವನು ಕೂತ. ಅವನು ಕೇಳಿದ ಪ್ರಶ್ನೆ ಮಾತ್ರ ಕೂರಲಿಲ್ಲ. ಮೇಷ್ಟ್ರನ್ನು ಬೈಯುವಂಥದ್ದೂ ಇಲ್ಲಿ ಏನಿಲ್ಲ; ಅವರ ಮೇಷ್ಟ್ರು ಅವರನ್ನು ಕೂರಿಸಿದ್ದೂ ಹೀಗೇ ಇದ್ದೀತು. ಈಸ್ ಆದಮೇಲೆ ಬರುವ ಆ ‘ಕಿಂಗ್’ಗೆ ನಮ್ಮ ಪುಸ್ತಕಗಳಲ್ಲಿ ಕಾಂಪ್ಲಿಮೆಂಟ್ ಎಂಬ ಹೆಸರಿತ್ತು. ಪುಸ್ತಕ ಎಂದರೆ ರೆನ್ ಅಂಡ್ ಮಾರ್ಟಿನ್, ಇನ್ಯಾವುದು? 1930ರ ದಶಕದಿಂದ ಭಾರತದ ಮಕ್ಕಳನ್ನು ಕಾಡಿಕೊಂಡು, ಕಾಪಾಡಿಕೊಂಡು ಬಂದಿರುವ ಗ್ರಂಥ. ಅಭ್ಯಾಸಗಳ ಉತ್ತರಕ್ಕೆ ‘ಕೀ’ ಎಂಬ ಬೇರೆ ಪುಸ್ತಕ. ಅದು ಯಾರ ಮನೆಯಲ್ಲಿದೆ ಎಂಬುದು ಇಡೀ ಕ್ಲಾಸಿಗೆ ಗೊತ್ತಿರುತ್ತಿತ್ತು. ಆ ರೆನ್ ಯಾರು ಎಂದು ನಾನು ಬಹಳ ತಡವಾಗಿ ತಿಳಿದುಕೊಂಡೆ. ಪರ್ಸಿವಲ್ ಕ್ರಿಸ್ಟೋಫರ್ ರೆನ್ ಭಾರತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದ ಇಂಗ್ಲಿಷಿನವನು. 1924ರಲ್ಲಿ ‘ಬೋ ಜೆಸ್ಟ್’ ಎಂಬ ಕಾದಂಬರಿ ಬರೆದು ಹೆಸರಾದ. ಸಹಾರಾ ಮರಳುಗಾಡು, ಫ್ರೆಂಚರ ಫಾರಿನ್ ಲೀಜನ್, ಕೋಟೆ, ಬಂದೂಕು, ಕಳೆದುಹೋದ ರತ್ನ! ಇಷ್ಟೆಲ್ಲ ಬಲ್ಲ ಮನುಷ್ಯ ನಮ್ಮ ಕೈಗೆ ಕೊಟ್ಟದ್ದು ಮಾತ್ರ ‘ಕೆಳಗಿನ ವಾಕ್ಯಗಳಲ್ಲಿ ಆಬ್ಜೆಕ್ಟ್ ಗುರುತಿಸಿ’. ಇದನ್ನು ನೆನೆದಾಗಲೆಲ್ಲ ನನಗೆ ಸಣ್ಣದಾಗಿ ಮೋಸಹೋದ ಹಾಗೆ ಅನ್ನಿಸುತ್ತದೆ.

ಈ ಹಳೆಯ ಗಾಯವನ್ನು ಕೆದಕಿದವಳು ಅಮೆರಿಕದಲ್ಲಿ ಓದುತ್ತಿರುವ ನಮ್ಮಕ್ಕನ ಮೊಮ್ಮಗಳು. ವಾಟ್ಸಾಪಿನಲ್ಲಿ ತನ್ನ ಹೋಂವರ್ಕಿನ ಹಾಳೆಯ ಚಿತ್ರ ಕಳಿಸಿ, ‘ತಾತ, ಡೈರೆಕ್ಟ್ ಆಬ್ಜೆಕ್ಟ್ ಯಾವ್ದು, ಪ್ರೆಡಿಕೇಟ್ ನಾಮಿನೇಟಿವ್ ಯಾವ್ದು ಹೇಳಿ’ ಎಂದಳು. ಅಲ್ಲಿಯ ಶಾಲೆಗಳಲ್ಲಿ ನಮ್ಮ ಕಾಂಪ್ಲಿಮೆಂಟಿಗೆ, ಅದು ನಾಮಪದವಾಗಿದ್ದರೆ, ಅಷ್ಟು ಗಂಭೀರವಾದ ಹೆಸರು. ನಾಮಿನೇಟಿವ್ ಎಂದರೆ ನಮ್ಮ ಪ್ರಥಮಾ ವಿಭಕ್ತಿ. ಪ್ರೆಡಿಕೇಟ್ ಎಂದರೆ ಕರ್ತೃವನ್ನು ಕುರಿತು ವಾಕ್ಯ ಹೇಳುವ ಭಾಗ. ಆ ಭಾಗದಲ್ಲಿ ಕುಳಿತೂ ಪ್ರಥಮಾ ವಿಭಕ್ತಿಯನ್ನು ಬಿಡದ ಪದ, ಅಷ್ಟೆ.

ತೊಡಕು ಇರುವುದು ಆ ‘ಕುಳಿತೂ’ ಎಂಬಲ್ಲಿ. ಇಂಗ್ಲಿಷ್ ಒಂದು ಕಾಲಕ್ಕೆ ನಮ್ಮ ಹಾಗೆಯೇ ನಾಮಪದದ ಬಾಲಕ್ಕೆ ಪ್ರತ್ಯಯ ಕಟ್ಟಿಕೊಂಡಿದ್ದ ಭಾಷೆ. ಸಾವಿರ ವರ್ಷದಲ್ಲಿ ಅವನ್ನೆಲ್ಲ ಉದುರಿಸಿಕೊಂಡಿತು. ಈಗ ಯಾರು ಎಲ್ಲಿ ಕೂತಿದ್ದಾರೆ ಎನ್ನುವುದರ ಮೇಲೇ ಎಲ್ಲ ನಿಂತಿದೆ. ಕ್ರಿಯಾಪದದ ಮುಂದೆ ಕೂತರೆ ಕರ್ತೃ, ಹಿಂದೆ ಕೂತರೆ ಬೇರೆ. ಆದರೆ ಹಿಂದಿನ ಆ ಜಾಗದಲ್ಲಿ ಇಬ್ಬರು ಕೂರುತ್ತಾರೆ, ಇಬ್ಬರ ಉಡುಪೂ ಒಂದೇ. ‘ರಾಮ ಸಾ ಎ ಕಿಂಗ್’, ‘ರಾಮ ಬಿಕೇಮ್ ಎ ಕಿಂಗ್’. ಮೊದಲನೆಯದರಲ್ಲಿ ರಾಜ ಬೇರೆ, ರಾಮ ಬೇರೆ. ಎರಡನೆಯದರಲ್ಲಿ ರಾಮನೇ ರಾಜ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯವರು ಯಾರು, ಹೆಣ್ಣಿನ ಕಡೆಯವರು ಯಾರು ಎಂಬುದು ಎಲೆ ನೋಡಿದರೆ ಗೊತ್ತಾಗುವುದಿಲ್ಲ, ಬಡಿಸುವವನ ಮುಖ ನೋಡಬೇಕು. ಇಲ್ಲಿ ಬಡಿಸುವವನು ಕ್ರಿಯಾಪದ. ‘ಸಾ’ ಹೊರಗಿನವರಿಗೆ ಬಡಿಸುತ್ತದೆ, ‘ಬಿಕೇಮ್’ ಮನೆಯವರಿಗೇ ಬಡಿಸುತ್ತದೆ.

ಮೊಮ್ಮಗಳ ಹಾಳೆಯಲ್ಲಿ ಇದನ್ನು ಗೆರೆ ಎಳೆದು ತೋರಿಸಿದ್ದರು. ಈ ಗೆರೆಗಳಿಗೂ ಒಂದು ಚರಿತ್ರೆಯಿದೆ. 1847ರಲ್ಲಿ ಕ್ಲಾರ್ಕ್ ಎಂಬ ಅಮೆರಿಕದ ಮೇಷ್ಟ್ರು ವಾಕ್ಯದ ಒಂದೊಂದು ಪದವನ್ನೂ ಒಂದೊಂದು ಗುಳ್ಳೆಯೊಳಗೆ ಕೂರಿಸಿ, ಗುಳ್ಳೆಗೆ ಗುಳ್ಳೆ ಅಂಟಿಸಿ ಚಿತ್ರ ಮಾಡಿದ. ಉದ್ದ ವಾಕ್ಯವಾದರೆ ಹಾಳೆಯ ತುಂಬ ಗುಳ್ಳೆ. 1877ರಲ್ಲಿ ಬ್ರೂಕ್ಲಿನ್ನಿನ ರೀಡ್ ಮತ್ತು ಕೆಲಾಗ್ ಎಂಬ ಇಬ್ಬರು ಗುಳ್ಳೆಗಳನ್ನು ಒಡೆದು ಬರೀ ಗೆರೆ ಉಳಿಸಿಕೊಂಡರು. ನೆಲಕ್ಕೊಂದು ಅಡ್ಡಗೆರೆ. ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಅದನ್ನು ಸೀಳಿಕೊಂಡು ಇಳಿಯುವ ನೇರ ಗೆರೆ. ಆಬ್ಜೆಕ್ಟ್ ಬಂದರೆ ಅಡ್ಡಗೆರೆಯ ಮೇಲೆ ಮೋಟು ಗೋಡೆಯಂತೆ ಇನ್ನೊಂದು ನೇರ ಗೆರೆ. ಅದೇ ಪ್ರೆಡಿಕೇಟ್ ನಾಮಿನೇಟಿವ್ ಬಂದರೆ ಗೆರೆ ನೇರ ನಿಲ್ಲುವುದಿಲ್ಲ. ಎಡಕ್ಕೆ, ಕರ್ತೃವಿನ ಕಡೆಗೆ ವಾಲುತ್ತದೆ. ‘ನಾನು ಅವನೇ’ ಎಂದು ಬೆರಳು ತೋರಿಸುವ ವಾಲು. ವ್ಯಾಕರಣದ ಪುಸ್ತಕಗಳಲ್ಲಿ ನಾನು ಕಂಡ ಅತ್ಯಂತ ಜಾಣ ಗೆರೆ ಇದು. ಮೇಷ್ಟ್ರು ಅಂದು ಆ ಹುಡುಗನನ್ನು ಕೂರಿಸುವ ಬದಲು ಬೋರ್ಡಿನ ಮೇಲೆ ಇದೊಂದು ಗೆರೆಯನ್ನು ವಾಲಿಸಿದ್ದರೆ ಸಾಕಿತ್ತು. ಗರ್ಟ್ರೂಡ್ ಸ್ಟೈನ್ ಎಂಬ ಅಮೆರಿಕದ ಲೇಖಕಿ ವಾಕ್ಯಗಳಿಗೆ ಹೀಗೆ ಗೆರೆ ಹಾಕುವುದಕ್ಕಿಂತ ರೋಮಾಂಚಕವಾದದ್ದನ್ನು ತಾನು ಕಂಡೇ ಇಲ್ಲ ಎನ್ನುವ ಅರ್ಥದ ಮಾತಾಡಿದ್ದಾಳೆ. ಆಕೆ ಬರೆದ ವಾಕ್ಯಗಳನ್ನು ನೋಡಿದರೆ, ಅವಕ್ಕೆ ಗೆರೆ ಹಾಕುವ ಕೆಲಸ ಬೇರೆಯವರಿಗೆ ಬಿಟ್ಟಳೆಂದು ತೋರುತ್ತದೆ.

ಗೆರೆ ವಾಲಬೇಕೋ ಬೇಡವೋ ಎಂದು ತೀರ್ಮಾನಿಸುವುದು ಹೇಗೆ? ಕರ್ಮಣಿ ಪ್ರಯೋಗಕ್ಕೆ ತಿರುಗಿಸಿ ನೋಡು ಎನ್ನುವುದು ಒಂದು ಉಪಾಯ. ‘ಎ ಮ್ಯಾಂಗೋ ಈಸ್ ಈಟನ್ ಬೈ ರಾಮ’ ಆಗುತ್ತದೆ. ಕಿಂಗನ್ನು ಹಾಗೆ ಮುಂದಕ್ಕೆ ತರಲು ಹೋದರೆ ಇಂಗ್ಲಿಷ್ ಒಪ್ಪುವುದಿಲ್ಲ. ಆದ್ದರಿಂದ ಮ್ಯಾಂಗೋ ಆಬ್ಜೆಕ್ಟ್, ಕಿಂಗ್ ಅಲ್ಲ. ಚೆನ್ನಾಗಿದೆ, ಆದರೆ ಪೂರ್ತಿ ನೆಚ್ಚುವಂತಿಲ್ಲ. ‘ಶೆಟ್ಟರು ವೇಯ್ಸ್ ದಿ ರೈಸ್’, ಶೆಟ್ಟರು ಅಕ್ಕಿ ತೂಗುತ್ತಾರೆ, ಅಕ್ಕಿ ಶೆಟ್ಟರಿಂದ ತೂಗಲ್ಪಡುತ್ತದೆ, ಸರಿ. ‘ದಿ ಬ್ಯಾಗ್ ವೇಯ್ಸ್ ಫಿಫ್ಟಿ ಕೇಜೀಸ್’. ವೇಯ್ಸ್ ವಾಟ್? ಐವತ್ತು ಕೆಜಿ. ಆದರೆ ಐವತ್ತು ಕೆಜಿ ಚೀಲದಿಂದ ತೂಗಲ್ಪಡುವುದಿಲ್ಲ. ಚೀಲವೇನು ತಕ್ಕಡಿ ಹಿಡಿದು ಕೂತಿದೆಯೆ? ‘ಗೋಪಾಲ ರಿಸೆಂಬಲ್ಸ್ ಹಿಸ್ ಫಾದರ್’ ಎಂಬಲ್ಲಿ ಅಪ್ಪ ಆಬ್ಜೆಕ್ಟ್ ಎಂದೇ ವ್ಯಾಕರಣಕಾರರ ತೀರ್ಮಾನ, ಆದರೂ ಅವರನ್ನು ಕರ್ಮಣಿಗೆ ತಿರುಗಿಸಲು ಬರುವುದಿಲ್ಲ. ಅಪ್ಪಂದಿರು ಅಷ್ಟು ಸುಲಭಕ್ಕೆ ತಿರುಗುವವರಲ್ಲ.

ಕೆಲವು ಕ್ರಿಯಾಪದಗಳಂತೂ ಎರಡು ಮನೆಯ ನೆಂಟರು. ‘ಹಿ ಟರ್ನ್ಡ್ ದಿ ಪೇಜ್’ ಎಂದರೆ ಪುಟ ಆಬ್ಜೆಕ್ಟ್. ‘ಹಿ ಟರ್ನ್ಡ್ ಪೊಲಿಟಿಷಿಯನ್’ ಎಂದರೆ ಅವನೇ ರಾಜಕಾರಣಿ. ಹಾಗೆ ತಿರುಗಿದವನಿಗೆ ಇಂಗ್ಲಿಷ್ ಒಂದು ‘ಎ’ಯನ್ನೂ ಕೊಡುವುದಿಲ್ಲ ನೋಡಿ. ‘ಷಿ ಬಿಕೇಮ್ ಎ ಡಾಕ್ಟರ್’ ಎಂಬಲ್ಲಿ ಡಾಕ್ಟರ್ ಪ್ರೆಡಿಕೇಟ್ ನಾಮಿನೇಟಿವ್. ‘ದಿ ಸಾರಿ ಬಿಕಮ್ಸ್ ಹರ್’ ಎಂದರೆ ಸೀರೆ ಆಕೆಗೆ ಒಪ್ಪುತ್ತದೆ ಎಂದರ್ಥ, ಅಲ್ಲಿ ‘ಹರ್’ ಅಪ್ಪಟ ಆಬ್ಜೆಕ್ಟ್. ಸೀರೆಯೇ ಅವಳಾಗಿಬಿಡುತ್ತದೆ ಎಂದು ತಿಳಿದವನು ವ್ಯಾಕರಣದಲ್ಲಿ ಫೇಲು, ಕವಿತೆಯಲ್ಲಿ ಪಾಸು.

ಇಷ್ಟೆಲ್ಲ ತಲೆ ಕೆಡಿಸಿಕೊಂಡು ಕಂಡುಹಿಡಿದರೆ ಸಿಗುವ ಲಾಭವೇನು ಎಂದು ನೀವು ಕೇಳಬಹುದು. ನಾಮಪದಕ್ಕೆ ಎರಡೂ ಕಡೆ ಒಂದೇ ರೂಪ, ಕಿಂಗ್ ಕಿಂಗೇ. ವ್ಯತ್ಯಾಸ ಕಾಣುವುದು ‘ಐ’ ಮತ್ತು ‘ಮಿ’, ‘ಹಿ’ ಮತ್ತು ‘ಹಿಮ್’ ಇಂಥ ಬೆರಳೆಣಿಕೆಯ ಸರ್ವನಾಮಗಳಲ್ಲಿ ಮಾತ್ರ. ಬಾಗಿಲು ಬಡಿದವನು ‘ಇಟ್ ಈಸ್ ಐ’ ಎನ್ನಬೇಕೋ ‘ಇಟ್ ಈಸ್ ಮಿ’ ಎನ್ನಬೇಕೋ? ಇಷ್ಟಕ್ಕೇ ಇಂಗ್ಲಿಷರು ಇನ್ನೂರೈವತ್ತು ವರ್ಷದಿಂದ ಜಗಳವಾಡಿಕೊಂಡು ಬಂದಿದ್ದಾರೆ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ, ಮುಂದೆ ಲಂಡನ್ನಿನ ಬಿಷಪ್ ಆದವನು, ಒಂದು ಪುಟ್ಟ ವ್ಯಾಕರಣ ಬರೆದು ‘ಬಿ’ ಕ್ರಿಯಾಪದದ ಹಿಂದೆ ನಾಮಿನೇಟಿವೇ ಬರತಕ್ಕದ್ದು ಎಂದು ವಿಧಿಸಿದ. ಲ್ಯಾಟಿನ್ನಿನಲ್ಲಿ ಹಾಗಿದೆಯಲ್ಲ! ಅದೇ ಕಾಲದ ಜೋಸೆಫ್ ಪ್ರೀಸ್ಟ್ಲಿಗೆ ಇದು ಅಷ್ಟು ಖಚಿತವೆನಿಸಲಿಲ್ಲ. ಆಕ್ಸಿಜನ್ ಕಂಡುಹಿಡಿದವನೆಂದು ನಾವು ಸೈನ್ಸಿನಲ್ಲಿ ಓದಿದ ಪ್ರೀಸ್ಟ್ಲಿಯೇ ಈತ. 1761ರಲ್ಲಿ ಇವನದೂ ಒಂದು ವ್ಯಾಕರಣ ಅಚ್ಚಾಗಿತ್ತು. ಜನ ಆಡುವುದು, ಒಳ್ಳೆಯ ಲೇಖಕರು ಬರೆಯುವುದು ಬೇರೆ ಥರ ಇದೆಯಲ್ಲ ಎನ್ನುವುದು ಅವನ ತಕರಾರು. ಗಾಳಿಯಲ್ಲಿ ಏನಿದೆ ಎಂದು ನೋಡಿದ ಹಾಗೆಯೇ ಭಾಷೆಯಲ್ಲಿ ಏನಿದೆ ಎಂದೂ ನೋಡಿದವನು. ನನ್ನ ಓಟು ಅವನಿಗೆ. ಇಬ್ಬರಿಗೂ ಹಿಂದೆ, ಚಾಸರನ ಕಾಲದಲ್ಲಿ, ‘ಇಟ್ ಆಮ್ ಐ’ ಎನ್ನುತ್ತಿದ್ದರು. ಕ್ರಿಯಾಪದವೇ ‘ಐ’ಗೆ ಮಣಿದು ‘ಆಮ್’ ಆಗುತ್ತಿತ್ತು. ಅದನ್ನು ಇವತ್ತು ಪರೀಕ್ಷೆಯಲ್ಲಿ ಬರೆದರೆ ಸೊನ್ನೆ.

ನಮ್ಮಲ್ಲಿ ಈ ಜಗಳ ಹುಟ್ಟುವುದಕ್ಕೇ ಜಾಗವಿಲ್ಲ. ಬಾಗಿಲು ಬಡಿದಾಗ ‘ಯಾರು?’ ಎಂದರೆ ‘ನಾನು’ ಎನ್ನುತ್ತೇವೆ. ‘ನನ್ನನ್ನು’ ಎಂದು ಉತ್ತರಿಸಿದ ಕನ್ನಡಿಗ ಇನ್ನೂ ಹುಟ್ಟಿಲ್ಲ. ಒಳಗಿನಿಂದ ‘ನಾನು ಅಂದ್ರೆ? ಹೆಸರಿಲ್ವಾ?’ ಎಂದು ಅಮ್ಮ ಕೇಳಿಯಾಳು, ಅದು ವ್ಯಾಕರಣಕ್ಕೆ ಸಂಬಂಧಪಟ್ಟದ್ದಲ್ಲ. ‘ರಾಮ ರಾಜ.’ ಎರಡು ಪ್ರಥಮಾ ವಿಭಕ್ತಿಗಳನ್ನು ಅಕ್ಕಪಕ್ಕ ಇಟ್ಟರೆ ವಾಕ್ಯ ಮುಗಿಯಿತು; ಈಸ್‌ನಂಥದ್ದೊಂದು ಇಲ್ಲಿ ಬೇಕೇ ಇಲ್ಲ. ಅದನ್ನೇ ಅಲ್ಲಗಳೆಯುವಾಗ ಕನ್ನಡ ಇನ್ನೂ ಒಂದು ಹೆಜ್ಜೆ ಮುಂದೆ. ‘ಅವರು ಮೇಷ್ಟ್ರಲ್ಲ’, ‘ಮೇಷ್ಟ್ರು ಕ್ಲಾಸಿನಲ್ಲಿ ಇಲ್ಲ’. ಇಂಗ್ಲಿಷಿಗೆ ಎರಡೂ ‘ಈಸ್ ನಾಟ್’. ನಮಗೆ ಮೊದಲನೆಯದು ಅಲ್ಲ, ಎರಡನೆಯದು ಇಲ್ಲ. ಮೊದಲನೆಯದು ಬೇಸರದ ಸುದ್ದಿ, ಎರಡನೆಯದು ಸಂತೋಷದ್ದು. ಈಸ್ ಕಂಡ ಕೂಡಲೇ ಹಿಂದೆ ಪ್ರೆಡಿಕೇಟ್ ನಾಮಿನೇಟಿವ್ ಇದೆ ಎಂದು ಹಾರಬಾರದಲ್ಲ, ‘ರಾಮ ಈಸ್ ಇನ್ ದಿ ಫಾರೆಸ್ಟ್’ ಎಂಬಲ್ಲಿ ಫಾರೆಸ್ಟ್ ರಾಮನಲ್ಲವಲ್ಲ, ಅಂಥ ಕಡೆ ವಾಕ್ಯವನ್ನು ಕನ್ನಡಕ್ಕೆ ತಂದು ನಿರಾಕರಿಸಿ ನೋಡಬೇಕು. ‘ರಾಮ ಕಾಡಿನಲ್ಲಿಲ್ಲ’, ‘ರಾಮ ರಾಜನಲ್ಲ’. ನಾಮಪದಕ್ಕೆ ನೇರವಾಗಿ ‘ಅಲ್ಲ’ ಅಂಟಿತೋ, ಗೆರೆಯನ್ನು ವಾಲಿಸಿ. ಇದನ್ನು ಮೊಮ್ಮಗಳಿಗೆ ಹೇಳಿಕೊಟ್ಟೆ. ‘ಟೀಚರಿಗೆ ಕನ್ನಡ ಬರಲ್ವಲ್ಲ ತಾತ’ ಎಂದಳು. ಅದು ಅವರ ಪಾಡು.

ಆಬ್ಜೆಕ್ಟ್ ಹಿಡಿಯಲೂ ನಮ್ಮಲ್ಲೊಂದು ಕೊಂಡಿಯಿದೆ, ‘ಅನ್ನು’. ವಾಟ್ ಎಂದರೆ ‘ಏನು’ ಕೂಡ ಹೌದು, ‘ಏನನ್ನು’ ಕೂಡ ಹೌದು. ಹಿಂದಿನ ಬೆಂಚಿನ ಹುಡುಗ ಎಡವಿದ್ದು ಇಲ್ಲೇ. ಪಂಡಿತರ ಸೂತ್ರದಲ್ಲಿದ್ದ ಬಾಲವನ್ನು ಇಂಗ್ಲಿಷ್ ಸೂತ್ರ ಕತ್ತರಿಸಿಬಿಟ್ಟಿತ್ತು. ‘ರಾಮ ರಾಜನನ್ನು ನೋಡಿದ’ ಸರಿ, ‘ರಾಮ ರಾಜನನ್ನು ಆದ’ ಎಂದರೆ ನಾಲ್ಕು ವರ್ಷದ ಮಗುವೂ ನಗುತ್ತದೆ. ಮಾತಿನಲ್ಲಿ ನಾವು ‘ಕಾಫಿ ಕುಡಿದೆ’, ‘ಪೇಪರ್ ಓದಿದೆ’ ಎಂದು ಅನ್ನುವನ್ನು ನುಂಗುತ್ತೇವೆ ನಿಜ. ಆದರೆ ಮನುಷ್ಯರ ವಿಷಯದಲ್ಲಿ ನುಂಗುವುದಿಲ್ಲ, ‘ಅಪ್ಪನ್ನ ಕರಿ’ ಎಂದೇ ಅನ್ನುತ್ತೇವೆ. ಕಾಫಿ ನಮ್ಮನ್ನು ಕುಡಿಯುವ ಭಯವಿಲ್ಲ. ಅಪ್ಪನ ವಿಷಯದಲ್ಲಿ ಯಾರು ಯಾರನ್ನು ಕರೆದರು ಎಂಬುದು ಸ್ಪಷ್ಟವಿರಬೇಕು.

ಆದರೂ ಅನ್ನು ಎಲ್ಲ ಕಡೆ ಕೈಹಿಡಿಯುವುದಿಲ್ಲ. ‘ದಿ ಟೀಚರ್ ಬೀಟ್ ಮಿ’ ಎಂಬಲ್ಲಿ ಇಂಗ್ಲಿಷಿಗೆ ‘ಮಿ’ ಆಬ್ಜೆಕ್ಟ್. ನಾವೋ, ‘ಮೇಷ್ಟ್ರು ನನಗೆ ಹೊಡೆದರು’ ಎನ್ನುತ್ತೇವೆ. ‘ಗೆ’ ಚತುರ್ಥೀ ವಿಭಕ್ತಿ, ಸಂಪ್ರದಾನ ಕಾರಕ. ಶಾಸ್ತ್ರದ ಪ್ರಕಾರ ದಾನ ತೆಗೆದುಕೊಳ್ಳುವವನಿಗೆ ಹತ್ತುವ ಪ್ರತ್ಯಯ. ಗುರುಗಳು ಕೊಟ್ಟರು, ನಾವು ಸ್ವೀಕರಿಸಿದೆವು. ಇನ್ನು ‘ಹಿ ಮ್ಯಾರೀಡ್ ಹರ್’. ‘ಅವಳನ್ನು ಮದುವೆಯಾದ’ ಎನ್ನುವಾಗ ‘ಆದ’ವೂ ಉಂಟು, ‘ಅನ್ನು’ವೂ ಉಂಟು! ಅರ್ಧ ಬಿಕೇಮ್, ಅರ್ಧ ಆಬ್ಜೆಕ್ಟ್. ಇದಕ್ಕೆ ರೀಡ್ ಮತ್ತು ಕೆಲಾಗ್ ಯಾವ ಗೆರೆ ಎಳೆಯುತ್ತಿದ್ದರೋ!

ಇಂಗ್ಲಿಷಿಗೆ ಯಾರೋ ಲ್ಯಾಟಿನ್ನಿನ ಅಂಗಿ ತೊಡಿಸಿದರು ಎಂದು ನಾವು ನಗುವ ಹಾಗೂ ಇಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವಾಗ ಅವನ ಮುಂದಿದ್ದದ್ದು ಸಂಸ್ಕೃತದ ಅಚ್ಚು. ಏಳು ವಿಭಕ್ತಿ ಇರಲೇಬೇಕು. ಇವತ್ತಿಗೂ ಮಕ್ಕಳು ‘ಪಂಚಮೀ, ದೆಸೆಯಿಂದ’ ಎಂದು ಉರು ಹೊಡೆಯುತ್ತಾರೆ. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಯಾವ ತೋಟದಲ್ಲಾದರೂ ಕೇಳಿದ್ದೀರಾ? ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಡಿ. ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದರು; ದೆಸೆಯಿಂದ ಕದಲಲಿಲ್ಲ. ಕರ್ಮಣಿ ಪ್ರಯೋಗದ ಕಥೆಯೂ ಅಷ್ಟೆ. ‘ನನ್ನಿಂದ ತಿಂಡಿ ತಿನ್ನಲ್ಪಟ್ಟಿತು’ ಎಂದು ಮನೆಯಲ್ಲಿ ಹೇಳಿ ನೋಡಿ, ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಅದು ಬದುಕಿರುವುದು ಪರೀಕ್ಷೆಯಲ್ಲಿ, ಸರ್ಕಾರಿ ಸುತ್ತೋಲೆಯಲ್ಲಿ. ಸುತ್ತೋಲೆಗೆ ಅದರ ಅಗತ್ಯವಿದೆ, ಮಾಡಿದವರ ಹೆಸರು ಹೇಳಬೇಕಿಲ್ಲವಲ್ಲ.

ಇನ್ನೊಂದು ವಿಚಿತ್ರ ನನ್ನನ್ನು ಬಹಳ ದಿನ ಕಾಡಿದೆ. ‘ಐ ಹ್ಯಾವ್ ಎ ಹೆಡೇಕ್’, ‘ಐ ನೋ ಕನ್ನಡ’, ‘ಐ ಲೈಕ್ ಕಾಫಿ’. ಮೂರರಲ್ಲೂ ‘ಐ’ ಯಜಮಾನ. ತಲೆನೋವು, ಕನ್ನಡ, ಕಾಫಿ ಅವನ ಆಬ್ಜೆಕ್ಟುಗಳು, ಆಳುಕಾಳುಗಳು. ಕನ್ನಡದಲ್ಲಿ ‘ನನಗೆ ತಲೆನೋವು’, ‘ನನಗೆ ಕನ್ನಡ ಬರುತ್ತದೆ’, ‘ನನಗೆ ಕಾಫಿ ಇಷ್ಟ’. ಬರುವುದು ಕನ್ನಡ, ನಾನು ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವವನು. ಇಂಗ್ಲಿಷೂ ಮೊದಲು ಹೀಗೇ ಇತ್ತಂತೆ. ಹಳೆಯ ಇಂಗ್ಲಿಷಿನಲ್ಲಿ ‘ಲೈಕ್’ನ ಪೂರ್ವಜ ಪದಕ್ಕೆ ಹಿಡಿಸು ಎಂಬ ಅರ್ಥ, ಹಿಡಿಸಿಕೊಂಡವನಿಗೆ ನಮ್ಮ ‘ಗೆ’ಯಂಥದೇ ವಿಭಕ್ತಿ. ಯಾವಾಗಲೋ ಮನುಷ್ಯ ಎದ್ದು ಬಂದು ಕರ್ತೃವಿನ ಪೀಠದಲ್ಲಿ ಕೂತ, ಕಾಫಿ ಹಿಂದಕ್ಕೆ ಸರಿಯಿತು. ಬೆಳಿಗ್ಗೆ ಆರು ಗಂಟೆಗೆ ನನಗೂ ಕಾಫಿಗೂ ನಡುವೆ ಯಜಮಾನರು ಯಾರು ಎಂಬುದರಲ್ಲಿ ಕನ್ನಡ ವ್ಯಾಕರಣವೇ ಸರಿ ಎಂದು ನನ್ನ ಅನುಭವ.

ಮೊಮ್ಮಗಳ ಹಾಳೆಯ ಕೊನೆಗೆ ‘ಮೇಕ್’ ಬಂದಿತ್ತು. ಅಷ್ಟು ಹೊತ್ತಿಗೆ ಅವಳಿಗೆ ನಿದ್ದೆ, ನನಗೆ ಹುರುಪು. ಇಲ್ಲಿ ನಮ್ಮಕ್ಕನೂ ಬಂದು ಫೋನಿನ ಮುಂದೆ ಕೂತಿದ್ದಳು. ಮೂರು ವಾಕ್ಯ ಹೇಳಿದೆ. ‘ಷಿ ಮೇಡ್ ಹಿಮ್ ಎ ಗುಡ್ ದೋಸೆ.’ ‘ಷಿ ಮೇಡ್ ಹಿಮ್ ಎ ಗುಡ್ ವೈಫ್.’ ‘ಷಿ ಮೇಡ್ ಹಿಮ್ ಎ ಬೆಟರ್ ಮ್ಯಾನ್.’ ಮೂರಕ್ಕೂ ಒಂದೇ ಅಸ್ಥಿಪಂಜರ. ಮೊದಲನೆಯದರಲ್ಲಿ ದೋಸೆ ಆಬ್ಜೆಕ್ಟ್, ‘ಹಿಮ್’ ಅದನ್ನು ತಿನ್ನುವವನು. ಎರಡನೆಯದರಲ್ಲಿ ವೈಫ್ ಎಂದರೆ ಅವಳೇ, ಅವನಿಗೆ ಒಳ್ಳೆಯ ಹೆಂಡತಿಯಾದಳು ಎಂದು. ಗೆರೆ ಅವಳ ಕಡೆ ವಾಲುತ್ತದೆ. ಮೂರನೆಯದರಲ್ಲಿ ಮ್ಯಾನ್ ಎಂದರೆ ಅವನು; ಅವಳು ಅವನನ್ನು ತಿದ್ದಿ ಮೇಲಕ್ಕೆ ತಂದಳು.

ಅಕ್ಕ ಎಲ್ಲ ಕೇಳಿಸಿಕೊಂಡಳು. ‘ಮೊದಲನೇದು ದಿನಾ ಆಗ್ತಿದೆ. ಎರಡನೇದೂ ಆಯ್ತು, ನಲವತ್ತು ವರ್ಷದಿಂದ ಆಗ್ತಾನೇ ಇದೆ. ಮೂರನೇದಕ್ಕೆ ಒಂದು ಉದಾಹರಣೆ ಎಲ್ಲಾದರೂ ಇದ್ರೆ ತೋರಿಸೋ ನೋಡೋಣ’ ಎಂದಳು.

ನಡುಮನೆಯಲ್ಲಿ ಪೇಪರ್ ಓದುತ್ತಿದ್ದ ಭಾವ ಪುಟ ತಿರುಗಿಸಿದರು. ಅಲ್ಲಿ ಪುಟ ಆಬ್ಜೆಕ್ಟ್. ಯಾವ ಅನುಮಾನವೂ ಇಲ್ಲ.